ಬೆಂಕಿಗಿಂತ ಅವಸರವೇ ಭಾರ: ಝೂಮ್ ಬೇಸಾಯ ಮತ್ತು ನೆಲದೊಳಗಿನ ಸೂಕ್ಷ್ಮಜೀವಿಗಳು

ಈಶಾನ್ಯದ ಎಂಟು ರಾಜ್ಯಗಳಲ್ಲಿ ಒಟ್ಟು 1,020 ಚದರ ಕಿಲೋಮೀಟರಿನಷ್ಟು ಅರಣ್ಯ ಹೊದಿಕೆ ಕಡಿಮೆಯಾಗಿದೆ ಎಂದು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ 2021ರ ವರದಿ ಹೇಳಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಝೂಮ್ ಬೇಸಾಯವೂ ಇತ್ತು. ಗುಡ್ಡದ ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಒಂದೆರಡು ವರ್ಷ ಬೆಳೆ ತೆಗೆದು, ಆಮೇಲೆ ನೆಲವನ್ನು ಬೀಳು ಬಿಟ್ಟು ಮುಂದಿನ ಗುಡ್ಡಕ್ಕೆ ಹೋಗುವ ಈ ಪದ್ಧತಿಯ ಮೇಲೆ ಇಂಥ ಆರೋಪ ಹೊಸದೇನಲ್ಲ. ಆದರೆ ಆ ಲೆಕ್ಕ ಹಾಕುವ ರೀತಿಯಲ್ಲೇ ಒಂದು ತೊಡಕಿದೆ. ಒಂದು ಹೆಕ್ಟೇರು ಅಥವಾ ಅದಕ್ಕಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಭಾಗ ಮರದ ನೆರಳಿರುವ ಜಾಗವನ್ನೆಲ್ಲ ಉಪಗ್ರಹದ ಚಿತ್ರ ನೋಡಿ ಅರಣ್ಯ ಹೊದಿಕೆ ಎಂದು ಎಣಿಸಲಾಗುತ್ತದೆ. ಹೀಗಾಗಿ ಈ ವರ್ಷ ಸುಟ್ಟ ಗುಡ್ಡ ನಷ್ಟದ ಪಟ್ಟಿಗೆ ಸೇರುತ್ತದೆ. ಕೆಲವು ವರ್ಷಗಳ ಹಿಂದೆ ಸುಟ್ಟು ಬೀಳು ಬಿಟ್ಟ ಗುಡ್ಡ, ಬಿದಿರು ಮತ್ತು ಮರಚಿಗುರುಗಳಿಂದ ಹಸಿರಾಗುತ್ತಿದ್ದಂತೆ ಗಳಿಕೆಯ ಪಟ್ಟಿಗೆ ಬರುತ್ತದೆ. ಆ ಹಸಿರಿನ ಕೆಳಗಿನ ಮಣ್ಣು ಚೇತರಿಸಿಕೊಂಡಿದೆಯೇ ಎಂಬ ಪ್ರಶ್ನೆ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಝೂಮ್ ಬೇಕೇ ಬೇಡವೇ ಎಂಬ ಚರ್ಚೆಯೂ ಬಹುಮಟ್ಟಿಗೆ ಮರಗಳ ಸುತ್ತಲೇ ನಡೆಯುತ್ತದೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಕಡೆಯಿಂದ ನೋಡಿದಾಗ ಚಿತ್ರ ಬೇರೆಯಾಗಿ ಕಾಣುತ್ತದೆ. ಬೆಂಕಿ ಅವುಗಳಿಗೆ ಪೆಟ್ಟು ಕೊಡುತ್ತದೆ ಎಂಬುದು ನಿಜ. ಆದರೆ ಆ ಪೆಟ್ಟು ನೆಲದ ಮೇಲಿನ ಕೆಲವೇ ಸೆಂಟಿಮೀಟರುಗಳದ್ದು, ಅದರಲ್ಲಿ ಬಹುಪಾಲು ಕೆಲವು ತಿಂಗಳಲ್ಲಿ ಮಾಯುವಂಥದ್ದು. ಒಂದು ಬೆಂಕಿಗೂ ಮುಂದಿನ ಬೆಂಕಿಗೂ ನಡುವೆ ಇರಬೇಕಾದ ಬಿಡುವು ಕುಗ್ಗಿರುವುದರಿಂದ ಆಗುತ್ತಿರುವ ಹಾನಿ ಮಾತ್ರ ಆಳದ್ದು, ಸುಲಭವಾಗಿ ತುಂಬಿ ಬಾರದ್ದು. ಈ ಎರಡನ್ನೂ ಒಂದೇ ಎಂದು ಭಾವಿಸಿದ ನೀತಿಗಳು ಬೆಂಕಿಯನ್ನು ನಿಲ್ಲಿಸಲು ಹೋಗಿ ಮಣ್ಣನ್ನು ಇನ್ನಷ್ಟು ಬಡವಾಗಿಸುವ ಸಾಧ್ಯತೆಯಿದೆ.

ಒಂದು ಗ್ರಾಂ ಕಾಡುಮಣ್ಣಿನಲ್ಲಿ ನೂರು ಕೋಟಿಯ ಆಸುಪಾಸು ಬ್ಯಾಕ್ಟೀರಿಯಾಗಳೂ ಮೀಟರುಗಟ್ಟಲೆ ಉದ್ದದ ಶಿಲೀಂಧ್ರದ ಎಳೆಗಳೂ ಇರುತ್ತವೆ. ತೂಕದ ಲೆಕ್ಕದಲ್ಲಿ ಇವು ಅಲ್ಪ; ಮಣ್ಣಿನ ಒಟ್ಟು ಸಾವಯವ ಇಂಗಾಲದಲ್ಲಿ ಜೀವಂತ ಸೂಕ್ಷ್ಮಜೀವಿಗಳ ಪಾಲು ಸಾಮಾನ್ಯವಾಗಿ ಶೇ. 1ರಿಂದ 5ರಷ್ಟು ಮಾತ್ರ. ಆದರೆ ತರಗೆಲೆ ಕೊಳೆಯುವುದು, ಕೊಳೆತದ್ದರಿಂದ ಸಾರಜನಕ ಬಿಡುಗಡೆಯಾಗುವುದು, ಗಾಳಿಯ ಸಾರಜನಕ ಬೇರುಗಂಟಿಗೆ ಇಳಿಯುವುದು, ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಹರಳುಹರಳಾಗಿ ನಿಲ್ಲುವುದು, ಇವೆಲ್ಲ ಆ ಅಲ್ಪ ಪಾಲಿನಿಂದಲೇ ನಡೆಯುತ್ತವೆ.

ಈಶಾನ್ಯದ ಗುಡ್ಡಗಳಲ್ಲಿ ಈ ಕೆಲಸದ ಬೆಲೆ ಇನ್ನೂ ಹೆಚ್ಚು. ಮಿಜೋರಾಂನಲ್ಲಿ ವರ್ಷಕ್ಕೆ 2,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಸಾವಿರಾರು ವರ್ಷ ಇಂಥ ಮಳೆಗೆ ತೊಳೆದುಹೋದ ಮಣ್ಣಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಮಣ್ಣು ಹುಳಿ, ಅದರ ರಸಸಾರ (ಪಿಎಚ್) ಅನೇಕ ಕಡೆ 4.5ರಿಂದ 5.5ರ ನಡುವೆ ಇರುತ್ತದೆ. ಇಂಥ ಹುಳಿಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಮಣ್ಣಿನಲ್ಲಿ ರಂಜಕವಿದ್ದರೂ ಬೆಳೆಗೆ ದಕ್ಕುವುದಿಲ್ಲ. ಕಾಡಿನ ಸಂಪತ್ತಿನ ದೊಡ್ಡ ಪಾಲು ಇರುವುದು ಮರದಲ್ಲಿ, ಬಿದಿರಿನಲ್ಲಿ ಮತ್ತು ನೆಲದ ಮೇಲಿನ ತರಗೆಲೆಯ ಹಾಸಿನಲ್ಲಿ. ಅದು ಬಿದ್ದು, ಕೊಳೆತು, ಮತ್ತೆ ಬೇರಿಗೆ ಸೇರುವವರೆಗಿನ ದಾರಿಯನ್ನು ಸೂಕ್ಷ್ಮಜೀವಿಗಳು ನಡೆಸಿಕೊಡುತ್ತವೆ. ಸುಣ್ಣ ತರಲು ರಸ್ತೆಯಿಲ್ಲದ, ಗೊಬ್ಬರಕ್ಕೆ ದನಗಳಿಲ್ಲದ, ಇಳಿಜಾರಿನಲ್ಲಿ ನೇಗಿಲು ನಡೆಯದ ಊರಿನ ರೈತ ಮರದಲ್ಲಿರುವ ಆ ಸಂಪತ್ತನ್ನು ಒಂದೇ ಋತುವಿನಲ್ಲಿ ನೆಲಕ್ಕಿಳಿಸಬೇಕಾದರೆ ಅವನ ಕೈಯಲ್ಲಿರುವ ಅಗ್ಗದ ಸಾಧನ ಬೆಂಕಿ. ಈ ಹಿನ್ನೆಲೆ ಬಿಟ್ಟು ಝೂಮ್ ಅನ್ನು ಅಜ್ಞಾನ ಎಂದು ಕರೆಯುವುದು ಸುಲಭ. ಸರ್ಕಾರಿ ಕಡತಗಳು ಬಹುಕಾಲ ಹಾಗೆಯೇ ಕರೆದಿವೆ.

ಚಳಿಗಾಲದಲ್ಲಿ, ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ ಕಡಿತ ಶುರುವಾಗುತ್ತದೆ. ಮರಗಳನ್ನು ಬುಡಸಮೇತ ಕೀಳುವುದಿಲ್ಲ. ಮೊಳಕಾಲಿನಿಂದ ಸೊಂಟದೆತ್ತರದವರೆಗೆ ಮೋಟು ಉಳಿಸಿ ಕಡಿಯುತ್ತಾರೆ. ಕಡಿದದ್ದು ಎರಡು ತಿಂಗಳು ಬಿಸಿಲಲ್ಲಿ ಒಣಗುತ್ತದೆ. ಪಕ್ಕದ ಕಾಡಿಗೆ ಬೆಂಕಿ ದಾಟದಂತೆ ಸುತ್ತ ಅಂಚಿನ ಪಟ್ಟಿಯನ್ನು ತರಗೆಲೆಯಿಲ್ಲದಂತೆ ಗುಡಿಸಿ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಮಳೆಗೆ ಮುನ್ನ ಬೆಂಕಿಯಿಡುತ್ತಾರೆ. ಒಂದೆರಡು ಗಂಟೆಯಲ್ಲಿ ಗುಡ್ಡ ಉರಿದು ಮುಗಿಯುತ್ತದೆ. ಅರೆಬೆಂದ ಕೊಂಬೆಗಳನ್ನು ಮರುದಿನಗಳಲ್ಲಿ ಅಲ್ಲಲ್ಲಿ ಗುಡ್ಡೆ ಹಾಕಿ ಮತ್ತೊಮ್ಮೆ ಸುಡುತ್ತಾರೆ. ಮಣ್ಣಿನ ಜೀವದ ದೃಷ್ಟಿಯಿಂದ ಈ ಎರಡನೆಯ ಸುಡುವಿಕೆಯೇ ಹೆಚ್ಚು ಕಠಿಣವಾದದ್ದು, ಏಕೆಂದರೆ ಗುಡ್ಡೆಯ ಬೆಂಕಿ ಒಂದೇ ಜಾಗದಲ್ಲಿ ಬಹಳ ಹೊತ್ತು ಕೂರುತ್ತದೆ. ಗುಡ್ಡೆ ಉರಿದ ಜಾಗದಲ್ಲಿ ಮಣ್ಣು ಇಟ್ಟಿಗೆಯ ಕೆಂಪಿಗೆ ತಿರುಗಿರುವುದನ್ನು ಕಾಣಬಹುದು. ಅದರಿಂದ ನಾಲ್ಕಡಿ ಆಚೆ, ತೆಳುವಾಗಿ ಉರಿದ ನೆಲದಲ್ಲಿ ಬೂದಿಯ ಪದರ ಸರಿಸಿದರೆ ಅರೆಸುಟ್ಟ ತರಗೆಲೆಯೂ ಅದರ ಕೆಳಗೆ ತೇವದ ಕಪ್ಪುಮಣ್ಣೂ ಸಿಗುತ್ತವೆ. ಒಂದೇ ಹೊಲದ ಈ ವ್ಯತ್ಯಾಸವನ್ನು ಗಮನಿಸದೆ ಒಂದೆರಡು ಜಾಗದ ಮಣ್ಣು ತೆಗೆದು ಪರೀಕ್ಷಿಸಿ ‘ಸುಟ್ಟ ಮಣ್ಣು ಹೀಗಿದೆ’ ಎಂದು ತೀರ್ಪು ಕೊಡುವಂತಿಲ್ಲ.

ಮಣ್ಣು ಶಾಖವನ್ನು ಬಲು ನಿಧಾನವಾಗಿ ಒಳಗೆ ಬಿಡುತ್ತದೆ. ಇಂಥ ಬೆಂಕಿಯಲ್ಲಿ ಮೇಲ್ಮೈಯ ತಾಪ 300ರಿಂದ 700 ಡಿಗ್ರಿ ಸೆಲ್ಸಿಯಸ್ ತಲುಪಬಹುದಾದರೂ 5 ಸೆಂಟಿಮೀಟರ್ ಆಳದಲ್ಲಿ ಅದು 100 ಡಿಗ್ರಿ ದಾಟುವುದು ಅಪರೂಪ; 10 ಸೆಂಟಿಮೀಟರ್ ಕೆಳಗೆ ಬೆಂಕಿ ಬಿದ್ದದ್ದೇ ತಿಳಿಯದಷ್ಟು ಕಡಿಮೆ ಏರಿಕೆ ಇರುತ್ತದೆ. ಮಣ್ಣಿನಲ್ಲಿ ತೇವವಿದ್ದರೆ ಆ ನೀರು ಆವಿಯಾಗಿ ಮುಗಿಯುವವರೆಗೆ ತಾಪ 100 ಡಿಗ್ರಿಯ ಆಚೆಗೆ ಹೋಗದು. ಹೀಗೆಂದು ತೇವ ಎಲ್ಲ ರೀತಿಯಲ್ಲೂ ರಕ್ಷೆ ಎನ್ನುವಂತಿಲ್ಲ. ಹಸಿ ಶಾಖ ಒಣ ಶಾಖಕ್ಕಿಂತ ಕಡಿಮೆ ತಾಪದಲ್ಲೇ ಜೀವಿಗಳನ್ನು ಕೊಲ್ಲುತ್ತದೆ. ತೇವದ ಮಣ್ಣಿನಲ್ಲಿ ಅನೇಕ ಶಿಲೀಂಧ್ರಗಳಿಗೆ 60 ಡಿಗ್ರಿಯ ಆಸುಪಾಸೇ ಸಾಕು.

ಬೆಂಕಿ ಎಲ್ಲವನ್ನೂ ಸಮನಾಗಿ ಕೊಲ್ಲುವುದಿಲ್ಲ. ಶಿಲೀಂಧ್ರಗಳು ಮೊದಲು ಸಾಯುತ್ತವೆ. ಅವುಗಳ ಎಳೆಗಳು ತರಗೆಲೆಯ ಹಾಸಿನಲ್ಲೂ ಮೇಲಿನ ಎರಡು–ಮೂರು ಸೆಂಟಿಮೀಟರಿನಲ್ಲೂ ಹೆಚ್ಚಾಗಿರುವುದರಿಂದ ಮನೆಯೇ ಉರಿದುಹೋಗುತ್ತದೆ. ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳೂ ಶಾಖಕ್ಕೆ ಸೂಕ್ಷ್ಮ. ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳು ಹಾಗಲ್ಲ. ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಡುವ ಇವು ಬೆಂಕಿ ಆರಿದ ಮೇಲೆ ಎದ್ದು, ಸತ್ತವುಗಳ ಅವಶೇಷವನ್ನೇ ತಿಂದು ಹಬ್ಬುತ್ತವೆ. ಸುಟ್ಟ ನೆಲಕ್ಕಾಗಿಯೇ ಕಾದಿರುವ ಶಿಲೀಂಧ್ರಗಳೂ ಉಂಟು. ಪೈರೊನೀಮಾ ಎಂಬುದು ಲೋಕದ ಅನೇಕ ಕಡೆ ಸುಟ್ಟ ಮಣ್ಣಿನ ಮೇಲೆ ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣದ ಚಾಪೆಯಾಗಿ ಹರಡುತ್ತದೆ. ಪೈಪೋಟಿಗೆ ಯಾರೂ ಇಲ್ಲದ ಕೆಲವು ದಿನಗಳೇ ಅದರ ಸುಗ್ಗಿ. ಉಳಿದವರು ಮರಳುತ್ತಿದ್ದಂತೆ ಅದು ಮರೆಯಾಗುತ್ತದೆ. ಒಟ್ಟಿನಲ್ಲಿ ಶಿಲೀಂಧ್ರಗಳ ಕೈ ಮೇಲಿದ್ದ ಕಾಡುಮಣ್ಣು ಬ್ಯಾಕ್ಟೀರಿಯಾಗಳ ಕೈಗೆ ಹೋಗುತ್ತದೆ. ಕೆಳಗಿನ ಮಣ್ಣಿನಿಂದ, ಸುಡದೆ ಉಳಿದ ತೇಪೆಗಳಿಂದ, ಗಾಳಿ–ಮಳೆಯ ಜೊತೆ ಅಂಚಿನ ಕಾಡಿನಿಂದ ಹೊಸ ಜೀವಿಗಳು ಬಂದು ಸೇರುವುದರಿಂದ ಸಂಖ್ಯೆ ಬೇಗನೆ ತುಂಬಿಕೊಳ್ಳುತ್ತದೆ. ಯಾವ ಜಾತಿಗಳು, ಯಾವ ಪ್ರಮಾಣದಲ್ಲಿ ಎಂಬ ಒಳಹಂಚಿಕೆ ಮೊದಲಿನಂತಾಗಲು ಮಾತ್ರ ಬಹಳ ಕಾಲ ಬೇಕು.

ಇಷ್ಟು ಹೊತ್ತಿಗೆ ಬೂದಿ ತನ್ನ ಕೆಲಸ ಶುರುಮಾಡಿರುತ್ತದೆ. ಬೂದಿಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಕ್ಷಾರ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ, ಅಲ್ಯೂಮಿನಿಯಂನ ವಿಷ ಇಳಿಯುತ್ತದೆ, ರಂಜಕ ಸ್ವಲ್ಪ ಸಡಿಲವಾಗುತ್ತದೆ. ಹುಳಿಗೆ ಹೆದರಿ ಕುಗ್ಗಿದ್ದ ಬ್ಯಾಕ್ಟೀರಿಯಾಗಳಿಗೆ ಇದು ಹೇಳಿ ಮಾಡಿಸಿದ ಪರಿಸ್ಥಿತಿ. ಜೊತೆಗೆ, ಶಾಖಕ್ಕೆ ಸತ್ತ ಸೂಕ್ಷ್ಮಜೀವಿಗಳ ದೇಹಗಳೂ ಅರ್ಧ ಬೆಂದ ಸಾವಯವ ವಸ್ತುವೂ ಅಮೋನಿಯಂ ರೂಪದ ಸಾರಜನಕವನ್ನು ಬಿಡುಗಡೆ ಮಾಡುತ್ತವೆ. ಮೊದಲ ಮಳೆ ಬಿದ್ದಾಗ ಒಣಗಿದ ಮಣ್ಣಿನ ಜೀವ ಒಮ್ಮೆಲೇ ಎದ್ದು ಉಸಿರಾಡುವುದರಿಂದ ಈ ಬಿಡುಗಡೆ ಇನ್ನಷ್ಟು ಹೆಚ್ಚುತ್ತದೆ. ಮೊದಲ ವರ್ಷದ ಭತ್ತ, ಮೆಕ್ಕೆಜೋಳ, ಎಳ್ಳು, ಮೆಣಸಿನಕಾಯಿ, ಶುಂಠಿ, ಕೆಸವು, ಸೌತೆ, ಕುಂಬಳಗಳೆಲ್ಲ ಹುಲುಸಾಗಿ ಬರುವುದರ ಗುಟ್ಟು ಇದು. ಆ ಬೆಳೆಯ ಒಂದು ಪಾಲು, ನೇರವಾಗಿ ಹೇಳುವುದಾದರೆ, ಸತ್ತ ಸೂಕ್ಷ್ಮಜೀವಿಗಳಿಂದ ಬಂದದ್ದು.

ಇದಕ್ಕೆ ತೆತ್ತ ಬೆಲೆಯೂ ಇದೆ. ಸುಮಾರು 200 ಡಿಗ್ರಿಯಿಂದಲೇ ಸಾವಯವ ವಸ್ತುವಿನ ಸಾರಜನಕ ಹೊಗೆಯಾಗಿ ಹಾರಲು ಶುರುವಾಗುತ್ತದೆ. ರಂಜಕ ಮತ್ತು ಪೊಟ್ಯಾಸಿಯಂ ಹಾರಿಹೋಗಲು 750 ಡಿಗ್ರಿಗೂ ಮೇಲಿನ ತಾಪ ಬೇಕಾಗುವುದರಿಂದ ಅವು ಬಹುಪಾಲು ಬೂದಿಯಲ್ಲೇ ಉಳಿಯುತ್ತವೆ. ಅಂದರೆ ಝೂಮ್ ಹೊಲಕ್ಕೆ ಬೆಂಕಿಯಿಂದ ಆಗುವ ದೊಡ್ಡ ನಷ್ಟ ಸಾರಜನಕದ್ದು, ಮತ್ತು ಆ ನಷ್ಟವನ್ನು ಮುಖ್ಯವಾಗಿ ತುಂಬಿಕೊಡಬಲ್ಲವು ಗಾಳಿಯಿಂದ ಸಾರಜನಕ ಹಿಡಿಯುವ ಸೂಕ್ಷ್ಮಜೀವಿಗಳು. ಎರಡನೆಯ ನಷ್ಟ ಮಳೆಯದ್ದು. ನೈಟ್ರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಚೇತರಿಸಿಕೊಂಡು ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಹೊತ್ತಿಗೆ ಮುಂಗಾರು ಜೋರಾಗಿರುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟಿ ನಿಲ್ಲುವುದಿಲ್ಲ. ಬೆಳೆಯ ಬೇರು ಇನ್ನೂ ಎಳೆಯದಿರುವಾಗ ಅದು ನೀರಿನೊಡನೆ ಇಳಿದುಹೋಗುತ್ತದೆ. ಬೂದಿಯೂ ಹಾಗೆಯೇ ಇಳಿಜಾರಿನ ಕೆಳಕ್ಕೆ ಸರಿಯುತ್ತದೆ. ರೈತರು ಇದನ್ನು ಬಲ್ಲವರೇ. ಕಡಿಮೆ ಸಾರದಲ್ಲೂ ಬರುವ ಬೆಳೆಗಳನ್ನು ಇಳಿಜಾರಿನ ಮೇಲ್ಭಾಗದಲ್ಲೂ ಹೆಚ್ಚು ಬೇಡುವ ಬೆಳೆಗಳನ್ನು ಬೂದಿ ಬಂದು ನಿಲ್ಲುವ ಕೆಳಭಾಗದಲ್ಲೂ ಹಾಕುವ ಕ್ರಮವನ್ನು ಮೇಘಾಲಯದ ಹೊಲಗಳಲ್ಲಿ ಪರಿಸರ ವಿಜ್ಞಾನಿ ಪಿ.ಎಸ್. ರಾಮಕೃಷ್ಣನ್ ಮತ್ತು ಅವರ ಸಹೋದ್ಯೋಗಿಗಳು ದಾಖಲಿಸಿದ್ದಾರೆ.

ಎರಡನೆಯ ವರ್ಷಕ್ಕೆ ಇಳುವರಿ ಬೀಳುತ್ತದೆ, ಕಳೆ ಏರುತ್ತದೆ. ಬೂದಿಯ ಕ್ಷಾರ ತೊಳೆದುಹೋದಂತೆ ಮಣ್ಣು ಮತ್ತೆ ಹುಳಿಯತ್ತ ಜಾರುತ್ತದೆ. ಸಾವಯವ ಇಂಗಾಲ ಕರಗುತ್ತಿದ್ದರೂ ಮೇಲಿನಿಂದ ಹೊಸ ತರಗೆಲೆ ಬೀಳುತ್ತಿಲ್ಲವಾದ್ದರಿಂದ ಸೂಕ್ಷ್ಮಜೀವಿಗಳಿಗೆ ಮೇವು ಇಲ್ಲ. ಹಸಿದ ಸೂಕ್ಷ್ಮಜೀವಿಗಳ ಒಂದು ಲಕ್ಷಣವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು: ಅವುಗಳ ಒಟ್ಟು ತೂಕ ಇಳಿದಿರುತ್ತದೆ, ಆದರೆ ತೂಕಕ್ಕೆ ಹೋಲಿಸಿದರೆ ಅವು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಬದುಕಿ ಉಳಿಯುವುದಕ್ಕೇ ಅವುಗಳ ಶಕ್ತಿ ವ್ಯಯವಾಗುತ್ತಿದೆ ಎಂದು ಇದರರ್ಥ. ರೈತ ಹೊಲ ಬಿಟ್ಟು ಹೋಗುವುದು ಈ ಹಂತದಲ್ಲಿ.

ಬೀಳು ಬಿಟ್ಟ ನೆಲದಲ್ಲಿ ಏನಾಗುತ್ತದೆ ಎಂಬುದೇ ಇಡೀ ಪದ್ಧತಿಯ ತಿರುಳು. ಬೀಳು ಎಂದರೆ ಕೆಲಸಕ್ಕೆ ಬಾರದ ಭೂಮಿ ಎಂದು ಕಂದಾಯ ಇಲಾಖೆಯ ಭಾಷೆ ನಮಗೆ ಕಲಿಸಿದೆ. ಝೂಮ್‌ನಲ್ಲಿ ಅದು ದುಡಿಮೆಯ ಕಾಲ, ದುಡಿಯುವವರು ಮಾತ್ರ ಬೇರೆ. ಮೊದಲು ಹಬ್ಬುವುದು ಕಳೆಗಳು. ನಮ್ಮ ಮಲೆನಾಡಿನವರಿಗೆ ಯುಪಟೋರಿಯಂ ಎಂದು ಪರಿಚಿತವಾದ ಗಿಡ, ಮೈಕೇನಿಯಾ ಬಳ್ಳಿ ಮುಂತಾದವು ನೆಲವನ್ನು ಬೇಗ ಮುಚ್ಚಿ, ತೊಳೆದುಹೋಗುವ ಪೋಷಕಾಂಶವನ್ನು ತಡೆದು ಹಿಡಿಯುತ್ತವೆ. ಐದಾರು ವರ್ಷಕ್ಕೆ ಬಿದಿರು ಮೇಲೇಳುತ್ತದೆ. ಅದು ಪೊಟ್ಯಾಸಿಯಂ ಅನ್ನು ಮೈಯಲ್ಲಿ ಕೂಡಿಟ್ಟು ಎಲೆಯ ಮೂಲಕ ನೆಲಕ್ಕೆ ಮರಳಿಸುತ್ತದೆ ಎಂಬುದು ರಾಮಕೃಷ್ಣನ್ ಅವರ ತಂಡ ತೋರಿಸಿದ ಮುಖ್ಯ ಸಂಗತಿಗಳಲ್ಲೊಂದು. ಆಮೇಲೆ ಮರಗಳ ಸರದಿ. ತರಗೆಲೆಯ ಹಾಸು ದಪ್ಪವಾದಂತೆ ಶಿಲೀಂಧ್ರಗಳು ಮರಳುತ್ತವೆ, ಗಟ್ಟಿ ನಾರನ್ನು ಕೊಳೆಸುವ ಕೆಲಸ ಮತ್ತೆ ಶುರುವಾಗುತ್ತದೆ, ಸಾವಯವ ಇಂಗಾಲ ಕೂಡಿಕೊಳ್ಳುತ್ತದೆ. ಬೀಳಿನ ಅವಧಿ ಹೆಚ್ಚಿದಂತೆ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿರುವ ಇಂಗಾಲದ ಪ್ರಮಾಣವೂ ಮಣ್ಣಿನ ಫಲವತ್ತತೆಯೂ ಏರುತ್ತವೆ ಎಂಬುದನ್ನು ಮಿಜೋರಾಂ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ವಯಸ್ಸಿನ ಬೀಳುಗಳನ್ನು ಹೋಲಿಸಿ ತೋರಿಸಿದ್ದಾರೆ.

ಈ ಚೇತರಿಕೆಯಲ್ಲಿ ಬೇರಿನೊಡನೆ ಬಾಳುವ ಶಿಲೀಂಧ್ರಗಳ ಪಾತ್ರವನ್ನು ಬೇರೆಯಾಗಿ ಹೇಳಬೇಕು. ಮೈಕೊರೈಜಾ ಎಂದು ಕರೆಯುವ ಇವು ಗಿಡದ ಬೇರಿನೊಳಗೆ ಹೊಕ್ಕು ಸಕ್ಕರೆ ಪಡೆದು, ಪ್ರತಿಯಾಗಿ ಬೇರು ಎಟುಕದ ಕಡೆಗಳಿಂದ ರಂಜಕ ತಂದುಕೊಡುತ್ತವೆ. ರಂಜಕ ಬಿಗಿಹಿಡಿದಿರುವ ಹುಳಿಮಣ್ಣಿನಲ್ಲಿ ಇವುಗಳಿಲ್ಲದೆ ಕಾಡು ಮರಳುವುದು ಕಷ್ಟ. ಜೀವಂತ ಬೇರಿಲ್ಲದೆ ಇವು ಬಹುಕಾಲ ಬಾಳಲಾರವು. ಮರಗಳನ್ನು ಮೋಟು ಉಳಿಸಿ ಕಡಿಯುವುದರ, ನೇಗಿಲು ಹೂಡದೆ ಕೋಲಿನಿಂದಲೋ ಪುಟ್ಟ ಗುದ್ದಲಿಯಿಂದಲೋ ಕುಳಿ ಮಾಡಿ ಬೀಜ ಹಾಕುವುದರ ಮಹತ್ವ ಇಲ್ಲಿ ತಿಳಿಯುತ್ತದೆ. ಮೇಲೆ ಬೆಂಕಿ ಹೋದರೂ ಮೋಟಿನ ಬೇರು ನೆಲದೊಳಗೆ ಜೀವಂತವಾಗಿದ್ದು ಶಿಲೀಂಧ್ರಕ್ಕೆ ಆಸರೆಯಾಗುತ್ತದೆ. ಉಳುಮೆಯಿಲ್ಲದ್ದರಿಂದ ಕೆಳಗಿನ ಎಳೆಗಳ ಜಾಲ ಹರಿಯುವುದಿಲ್ಲ. ಹೊಲದಲ್ಲಿ ಹತ್ತಾರು ಬಗೆಯ ಬೆಳೆಗಳಿರುವುದರಿಂದ ಹತ್ತಾರು ಬಗೆಯ ಬೇರುಗಳು ಸಿಗುತ್ತವೆ. ನೇಗಿಲಿನಿಂದ ಪ್ರತಿವರ್ಷ ಮಗುಚುವ, ಒಂದೇ ಬೆಳೆಯ ಹೊಲಕ್ಕೆ ಹೋಲಿಸಿದರೆ ಝೂಮ್ ಹೊಲದ ಈ ಒಂದು ಅಂಶ ಮಣ್ಣಿನ ಜೀವಕ್ಕೆ ಹೆಚ್ಚು ಅನುಕೂಲವಾದದ್ದು ಎನ್ನಲು ಹಿಂಜರಿಯಬೇಕಿಲ್ಲ.

ಎಲ್ಲವೂ ಕೆಡುವುದು ಅವಧಿ ಕುಗ್ಗಿದಾಗ. ಹಿಂದೆ 20–30 ವರ್ಷಕ್ಕೊಮ್ಮೆ ಅದೇ ಗುಡ್ಡಕ್ಕೆ ಮರಳುತ್ತಿದ್ದ ಊರುಗಳು ಈಗ ಅನೇಕ ಕಡೆ ಮೂರರಿಂದ ಐದು ವರ್ಷಕ್ಕೆ ಮರಳುತ್ತಿವೆ. ಆರ್ಥಿಕವಾಗಿಯೂ ಪರಿಸರದ ದೃಷ್ಟಿಯಿಂದಲೂ ಕನಿಷ್ಠ ಹತ್ತು ವರ್ಷದ ಚಕ್ರ ಬೇಕು ಎಂಬುದು ರಾಮಕೃಷ್ಣನ್ ಅವರ ದೀರ್ಘ ಅಧ್ಯಯನದ ತೀರ್ಮಾನವಾಗಿತ್ತು. ಐದು ವರ್ಷಕ್ಕೆ ಸುಟ್ಟರೆ ಸುಡುವುದಕ್ಕೆ ಮರವೇ ಇರುವುದಿಲ್ಲ. ಇರುವುದು ಕಳೆ, ತೆಳ್ಳನೆಯ ಬಿದಿರು. ಬೂದಿ ಕಡಿಮೆ, ಹುಳಿ ಇಳಿಯುವುದೂ ಕಡಿಮೆ. ಬೆಂಕಿಯ ತಾಪವೂ ಕಡಿಮೆ ಎಂಬ ಲಾಭ ಇದ್ದರೂ ಅದು ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಹಿಂದಿನ ಸುಡುವಿಕೆಯಲ್ಲಿ ಕಳೆದುಕೊಂಡ ಸಾರಜನಕ ಮತ್ತು ಸಾವಯವ ಇಂಗಾಲ ಇನ್ನೂ ತುಂಬಿರುವುದಿಲ್ಲ. ಪ್ರತಿ ಚಕ್ರವೂ ಹಿಂದಿನದಕ್ಕಿಂತ ಕೆಳಗಿನ ಮೆಟ್ಟಿಲಿನಿಂದ ಶುರುವಾಗುತ್ತದೆ. ಮೋಟುಗಳೂ ಮೂರು–ನಾಲ್ಕು ಸಲ ಕಡಿಸಿಕೊಂಡ ಮೇಲೆ ಸತ್ತುಹೋಗುತ್ತವೆ, ಅವುಗಳ ಬೇರಿನ ಆಸರೆ ತಪ್ಪುತ್ತದೆ. ಕಳೆಯ ಬೀಜ ಮಣ್ಣಿನಲ್ಲಿ ತುಂಬಿಕೊಂಡಿರುವುದರಿಂದ ಕೀಳುವ ಕೆಲಸ ಮಿತಿಮೀರುತ್ತದೆ, ಮತ್ತು ಕಳೆನಾಶಕದ ಡಬ್ಬಿ ಗುಡ್ಡ ಹತ್ತುತ್ತದೆ.

ಅವಧಿ ಏಕೆ ಕುಗ್ಗಿತು ಎಂಬುದಕ್ಕೆ ಜನಸಂಖ್ಯೆ ಹೆಚ್ಚಿದ್ದನ್ನು ಮಾತ್ರ ಹೇಳಿ ಮುಗಿಸುವುದು ವಾಡಿಕೆ. ಅದು ಅರ್ಧ ಸತ್ಯ. ಊರೊಟ್ಟಿನ ಗುಡ್ಡಗಳು ಖಾಸಗಿ ತೋಟಗಳಾಗಿ, ಗೋಡಂಬಿ, ಅಡಿಕೆ, ರಬ್ಬರು ಬಂದು ಕೂತಂತೆ ಝೂಮ್‌ಗೆ ಉಳಿದ ಜಾಗ ಕಿರಿದಾಯಿತು. ಮಿಜೋರಾಂನಲ್ಲಿ ಇನ್ನೊಂದು ಕಾರಣವಿದೆ. ಬಂಡಾಯವನ್ನು ಹತ್ತಿಕ್ಕಲು 1967ರಿಂದ ಸರ್ಕಾರ ದೂರದೂರದ ಹಳ್ಳಿಗಳನ್ನು ಎಬ್ಬಿಸಿ ರಸ್ತೆಬದಿಯ ಕೇಂದ್ರಗಳಲ್ಲಿ ಒಟ್ಟುಗೂಡಿಸಿತು. ಚದುರಿದ್ದ ಜನ ಒಂದೆಡೆ ಸೇರಿದಾಗ ನಡೆದು ತಲುಪಬಹುದಾದ ಗುಡ್ಡಗಳ ಮೇಲೆ ಒತ್ತಡ ಬಿದ್ದದ್ದು ಸಹಜ. ರೈತರ ಆಯ್ಕೆ ಎಂದು ನಾವು ಕರೆಯುವ ಅವಸರದಲ್ಲಿ ಇಂಥ ಒತ್ತಾಯಗಳ ಪಾಲೂ ಇದೆ.

ಅವಧಿ ಕುಗ್ಗಿದರೂ ಮಣ್ಣು ಉಳಿದ ಉದಾಹರಣೆ ಒಂದು ಇದೆ, ಮತ್ತು ಅಲ್ಲಿಯೂ ಕಥಾನಾಯಕ ಒಂದು ಸೂಕ್ಷ್ಮಜೀವಿಯೇ. ನಾಗಾಲ್ಯಾಂಡ್‌ನ ಕೊಹಿಮಾದಿಂದ ಸುಮಾರು 20 ಕಿಲೋಮೀಟರ್ ದೂರದ ಖೊನೊಮಾ ಗ್ರಾಮದ ಅಂಗಾಮಿ ರೈತರು ಝೂಮ್ ಹೊಲದಲ್ಲಿ ಆಲ್ಡರ್ ಮರಗಳನ್ನು ಬೆಳೆಸುತ್ತಾರೆ. ಸುಡುವ ಕಾಲ ಬಂದಾಗ ಮರವನ್ನು ಬುಡದಲ್ಲಿ ಕಡಿಯದೆ ಸುಮಾರು ಎರಡು ಮೀಟರ್ ಎತ್ತರದಲ್ಲಿ ತಲೆ ಕತ್ತರಿಸುತ್ತಾರೆ. ಕತ್ತರಿಸಿದ ಜಾಗ ಒಣಗದಂತೆ ಮಣ್ಣು ಮೆತ್ತಿ ಮೇಲೊಂದು ಕಲ್ಲು ಇಡುವುದೂ ಉಂಟು. ದಪ್ಪ ಕೊಂಬೆ ಸೌದೆಯಾಗಿ ಮನೆಗೆ ಹೋಗುತ್ತದೆ. ಎಲೆ ಮತ್ತು ಸಣ್ಣ ರೆಂಬೆ ಮಾತ್ರ ಹೊಲದಲ್ಲಿ ಉರಿಯುತ್ತದೆ, ಹಾಗಾಗಿ ಬೆಂಕಿ ಸೌಮ್ಯ. ಮೋಟಿನಲ್ಲಿ ಚಿಗುರು ಬಂದಾಗ ಕೆಲವನ್ನು ಉಳಿಸಿ ಉಳಿದದ್ದನ್ನು ತೆಗೆಯುತ್ತಾರೆ. ಈ ಮರದ ಬೇರನ್ನು ಕೆದಕಿ ನೋಡಿದರೆ ಹವಳದ ಗೊಂಚಲಿನಂಥ ಗಟ್ಟಿ ಗಂಟುಗಳು ಕಾಣುತ್ತವೆ. ಅದರೊಳಗೆ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿರುತ್ತದೆ. ನಮ್ಮ ಅವರೆ, ಹೆಸರಿನ ಬೇರುಗಂಟಿನ ರೈಜೋಬಿಯಂಗಿಂತ ಇದು ಬೇರೆಯದೇ ಗುಂಪು. ಅವರೆಯ ಗಂಟು ಬೆಳೆಯೊಂದಿಗೆ ಮುಗಿದರೆ ಆಲ್ಡರ್‌ನ ಗಂಟು ಮರದೊಂದಿಗೆ ವರ್ಷಗಟ್ಟಲೆ ಬಾಳುತ್ತದೆ. ಬೆಂಕಿಯಲ್ಲಿ ಹೊಗೆಯಾಗಿ ಹೋಗುವ ಸಾರಜನಕವನ್ನು ತುಂಬಿಕೊಡುವ ವ್ಯವಸ್ಥೆ ಹೊಲದಲ್ಲೇ ಬೇರೂರಿ ನಿಂತಿರುವುದರಿಂದ ಖೊನೊಮಾದಲ್ಲಿ ಕೆಲವೇ ವರ್ಷದ ಬೀಳಿನ ಬಳಿಕವೂ ಬೆಳೆ ಸಿಗುತ್ತದೆ.

ಇದನ್ನು ಈಶಾನ್ಯಕ್ಕೆಲ್ಲ ಹರಡಿಬಿಟ್ಟರಾಯಿತು ಎನ್ನುವ ಉತ್ಸಾಹಕ್ಕೆ ಮಿತಿಯಿದೆ. ಆಲ್ಡರ್ ಬೆಟ್ಟದ ತಂಪಿನ ಮರ. ಸಾಮಾನ್ಯವಾಗಿ 1,000 ಮೀಟರಿಗಿಂತ ಎತ್ತರದಲ್ಲಿ ಚೆನ್ನಾಗಿ ಬರುವಂಥದ್ದು. ಮೇಘಾಲಯದ ಗಾರೋ ಬೆಟ್ಟದ ಅಥವಾ ಮಿಜೋರಾಂನ ತಗ್ಗಿನ, ಸೆಕೆಯ ಇಳಿಜಾರುಗಳಿಗೆ ಬೇರೆ ಜೊತೆಗಾರ ಮರಗಳು ಬೇಕು, ಅವುಗಳ ಬೇರಿಗೆ ಒಗ್ಗುವ ಬೇರೆ ಸೂಕ್ಷ್ಮಜೀವಿಗಳು ಬೇಕು.

ಸರ್ಕಾರಗಳು ಹಿಡಿದಿರುವ ದಾರಿ ಬಹುಮಟ್ಟಿಗೆ ಇನ್ನೊಂದು. ಮಿಜೋರಾಂ 1980ರ ದಶಕದಿಂದಲೂ ಹೊಸ ಭೂಬಳಕೆ ನೀತಿಯ ಹೆಸರಿನಲ್ಲಿ ಝೂಮ್ ಬಿಡಿಸಿ ನೆಲೆನಿಂತ ಬೇಸಾಯಕ್ಕೆ ಜನರನ್ನು ತರಲು ಯತ್ನಿಸಿದೆ. 2021ರಲ್ಲಿ ಘೋಷಣೆಯಾದ ಕೇಂದ್ರದ ಖಾದ್ಯತೈಲ–ತಾಳೆ ಅಭಿಯಾನ ಈಶಾನ್ಯವನ್ನೇ ಮುಖ್ಯ ಗುರಿಯಾಗಿಸಿಕೊಂಡಿದೆ. ತಾಳೆತೋಟಕ್ಕೆ ಬೆಂಕಿ ಬೇಡ, ಅದು ಸದಾ ಹಸಿರು, ಉಪಗ್ರಹಕ್ಕೂ ಮರದ ನೆರಳಾಗಿಯೇ ಕಾಣುತ್ತದೆ. ಆದರೆ ಮಣ್ಣಿನ ಕಡೆಯಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ. 25–30 ವರ್ಷ ಒಂದೇ ಜಾತಿಯ ಬೇರು, ಬುಡದ ಸುತ್ತ ಕಳೆನಾಶಕದಿಂದ ಬೋಳಾಗಿಟ್ಟ ನೆಲ, ಹುಳಿಮಣ್ಣನ್ನು ಇನ್ನಷ್ಟು ಹುಳಿಮಾಡುವ ಅಮೋನಿಯಂ ಗೊಬ್ಬರ, ಇವುಗಳ ನಡುವೆ ಬೇರಿನ ಶಿಲೀಂಧ್ರಗಳ ವೈವಿಧ್ಯ ಉಳಿಯುವ ಲಕ್ಷಣ ಕಾಣುವುದಿಲ್ಲ. ನೆಲದ ಮೇಲಿನ ಜೀವಿಗಳ ವಿಷಯದಲ್ಲಂತೂ ನೇರ ಹೋಲಿಕೆಯೇ ಇದೆ: ಮಿಜೋರಾಂನ ಡಂಪಾ ಹುಲಿ ಮೀಸಲಿನ ಸುತ್ತ ನಡೆದು 2016ರಲ್ಲಿ ಪ್ರಕಟವಾದ ಟಿ.ಆರ್. ಶಂಕರ್ ರಾಮನ್ ಮತ್ತು ಜಯದೇವ್ ಮಂಡಲ್ ಅವರ ಅಧ್ಯಯನದಲ್ಲಿ, ಝೂಮ್ ಹೊಲ ಮತ್ತು ಬೀಳುಗಳಿರುವ ನೆಲ ತಾಳೆ ಅಥವಾ ತೇಗದ ತೋಟಕ್ಕಿಂತ ಹೆಚ್ಚು ಕಾಡುಹಕ್ಕಿಗಳಿಗೆ ನೆಲೆಯಾಗಿತ್ತು.

ಕರ್ನಾಟಕಕ್ಕೂ ಈ ಚರ್ಚೆ ಹಳೆಯದೇ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಕೆನರಾದಲ್ಲಿ (ಇಂದಿನ ಕರಾವಳಿ ಕರ್ನಾಟಕದಲ್ಲಿ) ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಘಟ್ಟದ ಇಳಿಜಾರಿನಲ್ಲಿ ಕಾಡು ಸುಟ್ಟು ರಾಗಿ ಮುಂತಾದವನ್ನು ಬೆಳೆಯುವ ಕುಮರಿ ಬೇಸಾಯವನ್ನು ವಿವರಿಸಿದ್ದಾನೆ. 19ನೇ ಶತಮಾನದ ಮಧ್ಯಭಾಗದಲ್ಲಿ ಮೈಸೂರು, ಮದರಾಸು ಆಡಳಿತಗಳೆರಡೂ ಅದನ್ನು ನಿರ್ಬಂಧಿಸಿದವು. ಮದರಾಸು ಅರಣ್ಯ ಇಲಾಖೆಯ ಮುಖ್ಯಸ್ಥನಾಗಿದ್ದ ಹ್ಯೂ ಕ್ಲೆಗಾರ್ನ್ ಕುಮರಿಯ ಕಡುವಿರೋಧಿ. ಆಗಿನ ಚಿಂತೆ ಹಡಗು ಮತ್ತು ರೈಲುಹಾದಿಗೆ ಬೇಕಾದ ಮರದ್ದು. ಮಣ್ಣು ಅಲ್ಲಿ ನೆಪಕ್ಕೆ ಬಂದುಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 1974ರಲ್ಲಿ ಅಲ್ಲಿ ವನ್ಯಧಾಮವಾಗುವವರೆಗೂ ಸುಟ್ಟು ಬಿತ್ತುವ ಬೇಸಾಯ ಮಾಡುತ್ತಿದ್ದರು. ಅವರ ತರಗು ಬೆಂಕಿ ಇದಕ್ಕಿಂತ ಬೇರೆಯದು: ಒಣ ತರಗೆಲೆಯನ್ನಷ್ಟೇ ಮೆಲ್ಲಗೆ ಸುಟ್ಟು ಹೋಗುವ, ಮಣ್ಣಿನೊಳಕ್ಕೆ ಶಾಖ ಇಳಿಯಲು ಸಮಯವೇ ಕೊಡದ ಬೆಂಕಿ. ಅದು ನಿಂತ ಮೇಲೆ ಲಂಟಾನ ಹಬ್ಬಿತೆಂದು ಸೋಲಿಗರು ಹೇಳುತ್ತಾರೆ. ಲಂಟಾನದ ಪೊದೆಗೆ ಬಿದ್ದ ಬೆಂಕಿಯಾದರೋ ಎತ್ತರಕ್ಕೂ ಏರುತ್ತದೆ, ಹೆಚ್ಚು ಹೊತ್ತೂ ನಿಲ್ಲುತ್ತದೆ.

ಕರಾವಳಿಯಲ್ಲಿ ಇಂದಿಗೂ ಕಾಣಸಿಗುವ ಸುಡುಮಣ್ಣಿನ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ತರಗೆಲೆ, ಕಸಕಡ್ಡಿಯ ರಾಶಿಯ ಮೇಲೆ ಮಣ್ಣು ಮುಚ್ಚಿ, ಒಳಗೇ ಹೊಗೆಯಾಡಿಸಿ ದಿನಗಟ್ಟಲೆ ಬೇಯಿಸುತ್ತಾರೆ. ಆ ಮಣ್ಣಿನಲ್ಲಿ ಕಳೆಯ ಬೀಜ, ರೋಗದ ಶಿಲೀಂಧ್ರಗಳ ಜೊತೆ ಉಪಕಾರಿ ಜೀವಿಗಳೂ ಬಹುಪಾಲು ಸತ್ತಿರುತ್ತವೆ. ಆದರೆ ಅದನ್ನು ಹಟ್ಟಿಗೊಬ್ಬರದೊಡನೆ ಬೆರೆಸಿ ತರಕಾರಿಯ ಪಾತಿಗೋ ಮಲ್ಲಿಗೆಯ ಬುಡಕ್ಕೋ ಹಾಕಿದಾಗ ಪೊಟ್ಯಾಶ್ ಬೂದಿಯಿಂದ ಬರುತ್ತದೆ, ಜೀವ ಹಟ್ಟಿಗೊಬ್ಬರದಿಂದ ಮರಳುತ್ತದೆ. ಝೂಮ್ ಗುಡ್ಡಕ್ಕೆ ಹಟ್ಟಿಗೊಬ್ಬರವಿಲ್ಲ. ಅಲ್ಲಿ ಆ ಕೆಲಸವನ್ನು ಬೀಳಿನ ವರ್ಷಗಳೇ ಮಾಡಬೇಕು.

ನೀತಿ ಆಯೋಗ 2018ರಲ್ಲಿ ಹೊರತಂದ ಝೂಮ್ ಕುರಿತ ವರದಿ ಹಿಂದಿನ ಧೋರಣೆಯಿಂದ ಗಮನಾರ್ಹವಾಗಿ ಸರಿದಿತ್ತು. ಈ ನೆಲಗಳನ್ನು ಅರಣ್ಯಭೂಮಿ ಎನ್ನುವ ಬದಲು ಕೃಷಿ–ಅರಣ್ಯ ಪದ್ಧತಿಯ ಬೇಸಾಯದ ನೆಲ ಎಂದು ಗುರುತಿಸಬೇಕು, ಇದಕ್ಕೆ ಪ್ರತ್ಯೇಕ ಅಭಿಯಾನ ಬೇಕು ಎಂದು ಅದು ಶಿಫಾರಸು ಮಾಡಿತು. ಬೀಳನ್ನು ಬೇಸಾಯದ ಭಾಗವೆಂದು ಕಾನೂನು ಒಪ್ಪಿದರೆ ಮಾತ್ರ ಹತ್ತು ವರ್ಷ ನೆಲವನ್ನು ಸುಮ್ಮನೆ ಬಿಡುವ ಧೈರ್ಯ ಊರಿಗೆ ಬರುತ್ತದೆ. ಬೀಳು ಬಿಟ್ಟ ಗುಡ್ಡ ತೋಟಕ್ಕೋ ನೆಡುತೋಪಿಗೋ ಹೋಗಿಬಿಡುತ್ತದೆ ಎಂಬ ಭಯವಿರುವವರೆಗೆ ಬೇಗ ಬೇಗ ಸುಟ್ಟು ತನ್ನದೆಂದು ತೋರಿಸಿಕೊಳ್ಳುವುದೇ ಜಾಣತನವಾಗಿರುತ್ತದೆ.

ಚೇತರಿಕೆಯನ್ನು ಅಳೆಯುವ ಸಾಧನ ಮಾತ್ರ ಇನ್ನೂ ನಮ್ಮ ಕೈಯಲ್ಲಿಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ 12 ಅಂಶಗಳನ್ನು ಪರೀಕ್ಷಿಸುತ್ತಾರೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಐದು ಲಘು ಪೋಷಕಾಂಶ, ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ. ಇವುಗಳಲ್ಲಿ ಸಾವಯವ ಇಂಗಾಲ ಒಂದೇ ಸೂಕ್ಷ್ಮಜೀವಿಗಳ ಸ್ಥಿತಿಗೆ ಸ್ವಲ್ಪ ಹತ್ತಿರದ್ದು, ಅದೂ ನಿಧಾನವಾಗಿ ಬದಲಾಗುವಂಥದ್ದು. ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯುವ ಕ್ರಮವಿತ್ತು. ಗುಡ್ಡೆ ಉರಿದ ಜಾಗಕ್ಕೂ ತೆಳುವಾಗಿ ಉರಿದ ಜಾಗಕ್ಕೂ ನಾಲ್ಕಡಿಯಲ್ಲಿ ಅಜಗಜಾಂತರವಿರುವ ಹೊಲಕ್ಕೆ ಅದು ಹೊಂದುವುದಿಲ್ಲ. ಇನ್ನೂ ವಿಚಿತ್ರವೆಂದರೆ ಸಮಯ. ಸುಟ್ಟ ಮರುತಿಂಗಳು ಮಣ್ಣು ತೆಗೆದರೆ ರಸಸಾರ, ರಂಜಕ, ಪೊಟ್ಯಾಶ್ ಎಲ್ಲವೂ ಚೆನ್ನಾಗಿ ಬಂದು ಚೀಟಿ ಸಂತೋಷಪಡಿಸುತ್ತದೆ, ನೆಲದೊಳಗೆ ಅರ್ಧ ಜೀವ ಸತ್ತಿದ್ದರೂ. ಹನ್ನೆರಡು ವರ್ಷ ಬೀಳು ಬಿಟ್ಟು ಸೂಕ್ಷ್ಮಜೀವಿಗಳು ತುಂಬಿರುವ ಹುಳಿಮಣ್ಣಿಗೆ ಅದೇ ಚೀಟಿ ಸುಣ್ಣ ಹಾಕಲು ಹೇಳುತ್ತದೆ. ಸೂಕ್ಷ್ಮಜೀವಿಗಳಲ್ಲಿರುವ ಇಂಗಾಲವನ್ನು, ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಚಟುವಟಿಕೆಯನ್ನು ಅಳೆಯುವುದು ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬೀಳಿನ ಎರಡನೆಯ, ಐದನೆಯ, ಹತ್ತನೆಯ ವರ್ಷಗಳಲ್ಲಿ ಅದೇ ಹೊಲದಲ್ಲಿ, ಇಳಿಜಾರಿನ ಮೇಲೆ ಮತ್ತು ಕೆಳಗೆ ಬೇರೆ ಬೇರೆಯಾಗಿ ಈ ಎರಡನ್ನು ಅಳೆದರೆ, ಯಾವ ಗುಡ್ಡಕ್ಕೆ ಎಷ್ಟು ಬಿಡುವು ಬೇಕು ಎಂಬ ಪ್ರಶ್ನೆಗೆ ಊರಿನ ಹಿರಿಯರು ಹೇಳುವ ಉತ್ತರವನ್ನು ಸರ್ಕಾರಿ ಅಧಿಕಾರಿಯ ಮುಂದಿಡಲು ಒಂದು ಆಧಾರ ಸಿಗುತ್ತದೆ.